ಲೆಕ್ಕದ ಮೇಡಂ ಮತ್ತು ಬರೆಯದೆ ಬಿಟ್ಟ ಚೀಟಿ

ಅವರು ಯಾವ ಬಣ್ಣದ ಸೀರೆ ಉಟ್ಟರೂ ಹನ್ನೆರಡು ಗಂಟೆಯ ಹೊತ್ತಿಗೆ ಕೆಳಗಿನ ಒಂದು ಗೇಣು ಬೆಳ್ಳಗಾಗಿರುತ್ತಿತ್ತು. ಶಾಲೆಯ ಅಂಗಳದಲ್ಲಿ ಸೊಂಟ ಬಗ್ಗಿಸಿ, ಹಿಂದಹಿಂದಕ್ಕೆ ನಡೆಯುತ್ತಾ, ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಿ ಮನೆಗಳನ್ನು ಎಳೆಯುತ್ತಿದ್ದರು. ಎಂಟು ಸಾಲು, ಸಾಲಿಗೆ ಎಂಟು ಮನೆ. ಎಳೆದು ಮುಗಿಸಿ ನಡುವಿನ ಮೇಲೆ ಕೈಯಿಟ್ಟುಕೊಂಡು ನೆಟ್ಟಗಾಗುವಾಗ ಅವರ ಬಾಯಿಂದ ಒಂದು ಸಣ್ಣ ನರಳಿಕೆ ಬರುತ್ತಿತ್ತು. ಕುಂಟೆಬಿಲ್ಲೆಗೆ ಇಷ್ಟೊಂದು ಮನೆ ಯಾಕೆ ಎಂದು ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಕೇಳಿದ್ದೆ.

"ಕುಂಟೆಬಿಲ್ಲೆ ಅಲ್ಲ ಕಣ್ರೀ. ಕಂಪ್ಯೂಟರ್," ಎಂದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಪದವನ್ನು ನಾನು ಒಂದೆರಡು ಸಲ ಪೇಪರಿನಲ್ಲಿ ಓದಿದ್ದೆ, ಅಷ್ಟೆ. ಈಯಮ್ಮನಿಗೆ ಬಿಸಿಲು ತಲೆಗೆ ಏರಿದೆ ಎಂದುಕೊಂಡೆ.

ನಮ್ಮದು ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಊರಿನ ಶಾಲೆ. ಅವರು ಲೆಕ್ಕ ಹೇಳಿಕೊಡುತ್ತಿದ್ದರು, ನಾನು ವಿಜ್ಞಾನ. ಅವರದು ಮುಳಬಾಗಿಲು, ನನ್ನದು ಸುಗಟೂರು. ಬೆಳಿಗ್ಗೆ ಇಬ್ಬರೂ ಕೋಲಾರದ ಬಸ್ ನಿಲ್ದಾಣದಲ್ಲಿ ಸೇರಿ ಎರಡನೇ ಬಸ್ಸು ಹತ್ತಬೇಕಿತ್ತು. ಹೆಸರು ಹಿಡಿದು ಅವರು ನನ್ನನ್ನು ಕರೆದದ್ದೇ ಇಲ್ಲ. "ಏನ್ರೀ ಸುಗಟೂರು, ಸೀಟು ಸಿಕ್ತಾ?" ಎನ್ನುತ್ತಿದ್ದರು. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದರು. ನಾನು ಅವರ ಬ್ಯಾಗು ಹಿಡಿದುಕೊಳ್ಳುತ್ತಿದ್ದೆ.

ಅವರಷ್ಟು ದಣಿದ ಹೆಂಗಸನ್ನು ನಾನು ನೋಡಿಲ್ಲ. ದಿನಾ ಹನ್ನೊಂದಕ್ಕೆ ಎರಡು ಪೀರಿಯಡ್ಡು ಮುಗಿಸಿ ಬಂದು ಕುರ್ಚಿಯಲ್ಲಿ ಕುಸಿದು, "ಇನ್ನು ಆಗಲ್ಲ ಕಣ್ರೀ ನನ್ ಕೈಲಿ," ಎನ್ನುತ್ತಿದ್ದರು. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ನೀರು ಕುಡಿಯುತ್ತಿದ್ದರು. ಆಮೇಲೆ ಎದ್ದು ಸುಣ್ಣದ ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಇದನ್ನು ನೋಡಿ ನೋಡಿ, "ಆಯಮ್ಮನ ಕೈಲಿ ಆಗಲ್ಲ ಅಂದ್ರೆ ಕೆಲ್ಸ ಶುರು ಆಯ್ತು ಅಂತ," ಎಂದು ನಗುತ್ತಿದ್ದರು.

ಇದೆಲ್ಲ ಶುರುವಾದದ್ದು ಒಂದು ಬೇಸಿಗೆ ರಜೆಯ ತರಬೇತಿಯಿಂದ. ಲೆಕ್ಕದ ಟೀಚರುಗಳನ್ನೆಲ್ಲ ಬೆಂಗಳೂರಿಗೆ ಕರೆಸಿ, ಕೊನೆಯ ದಿನ ಸಾಲಾಗಿ ನಿಲ್ಲಿಸಿ, ಗಾಜಿನ ಈಚೆಯಿಂದ ಕಂಪ್ಯೂಟರ್ ತೋರಿಸಿದರಂತೆ. ಬೀರುಗಳಷ್ಟು ದೊಡ್ಡದಂತೆ. ಉಳಿದವರು ಅದರ ಗಾತ್ರ ನೋಡಿಕೊಂಡು ಊಟಕ್ಕೆ ಹೋದರು. ಇವರು ಮಾತ್ರ ಅಲ್ಲಿದ್ದ ಒಬ್ಬರನ್ನು ಹಿಡಿದು ನಿಲ್ಲಿಸಿ, "ಇದಕ್ಕೆ ಕೆಲ್ಸ ಹೇಗೆ ಹೇಳ್ತೀರಿ?" ಎಂದು ಕೇಳಿ, ಅವರು ಹೇಳಿದ್ದನ್ನೆಲ್ಲ ಒಂದು ಸಣ್ಣ ನೋಟ್‌ಬುಕ್ಕಿನ ತುಂಬ ಬರೆದುಕೊಂಡು ಬಂದರು. ಊಟ ಸಿಗಲಿಲ್ಲ ಎಂಬುದನ್ನು ಮಾತ್ರ ಅವರು ಯಾವತ್ತೂ ಮರೆಯಲಿಲ್ಲ. ಅವತ್ತು ಹೋಳಿಗೆ ಇತ್ತಂತೆ.

ಆ ನೋಟ್‌ಬುಕ್ಕಿನಿಂದ ಹುಟ್ಟಿದ್ದು ಯಂತ್ರದ ಆಟ. ಐದು, ಆರನೇ ಕ್ಲಾಸಿನ ಮಕ್ಕಳಲ್ಲಿ ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಯಂತ್ರವಾಗಬೇಕು. ಉಳಿದವರು ಚೀಟಿಗಳಲ್ಲಿ ಅಪ್ಪಣೆ ಬರೆಯಬೇಕು: ಒಂದು ಮನೆ ಮುಂದೆ ಹೋಗು, ಎಡಕ್ಕೆ ತಿರುಗು, ಬೀಜ ಇದ್ದರೆ ಎತ್ತಿಕೋ, ಇಲ್ಲದಿದ್ದರೆ ಮೊದಲನೇ ಚೀಟಿಗೆ ಹೋಗು. ಒಬ್ಬರು ಓದುವುದು, ಯಂತ್ರ ಮಾಡುವುದು. ಯಂತ್ರ ಸ್ವಂತ ಬುದ್ಧಿ ಉಪಯೋಗಿಸಿದರೆ ಔಟು. ಮನೆಗಳಲ್ಲಿ ಚೆಲ್ಲಿದ ಹುಣಸೆ ಬೀಜಗಳನ್ನೆಲ್ಲ ಕಡಿಮೆ ಚೀಟಿಗಳಲ್ಲಿ ಎತ್ತಿಸಿದ ಗುಂಪು ಗೆದ್ದ ಹಾಗೆ.

ಒಂದು ದಿನ ನನ್ನನ್ನೇ ಯಂತ್ರ ಮಾಡಿದರು. ನನ್ನ ಸೆರಗಿನಿಂದಲೇ ಕಣ್ಣು ಕಟ್ಟಿಸಿದರು. "ಮುಂದಕ್ಕೆ ಹೋಗು" ಎಂದು ಚೀಟಿ ಓದಿದರು. ಹೋದೆ. ಯಾರೂ ಏನೂ ಹೇಳಲಿಲ್ಲ, ನಾನು ಹೋಗುತ್ತಲೇ ಇದ್ದೆ. ನೀರಿನ ತೊಟ್ಟಿಗೆ ಮೊಣಕಾಲು ಹೊಡೆದು ಅಯ್ಯೋ ಎಂದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

"ಎಂದುಕು ನಗ್ತೀರಾ?" ಎಂದರು ಮೇಡಂ. ಅವರ ಮನೆಮಾತು ತೆಲುಗು, ಸಿಟ್ಟು ಬಂದಾಗ ಅದು ಇಣುಕುತ್ತಿತ್ತು. "ಯಂತ್ರದ್ದೇನು ತಪ್ಪು? ನಿಲ್ಲು ಅಂತ ಬರ್ದಿದ್ರಾ?"

"ತೊಟ್ಟಿ ಬಂದ್ರೆ ನಿಂತ್ಕೋಬೇಕು ಅಂತ ಯಾರ್ಗಾದ್ರೂ ಗೊತ್ತಾಗ್ತೈತೆ ಮೇಡಂ."

"ನಿನಗೆ ಗೊತ್ತು. ಅದಕ್ಕೆ ಗೊತ್ತಾ? ಬರೀಲಿಲ್ಲ ಅಂದ್ರೆ ಇಲ್ಲ."

ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಮಗು ತಾನು ಬರೆದದ್ದನ್ನು ಓದಿ ಒಪ್ಪಿಸುವಾಗ ಪ್ರತಿ ಚೀಟಿಗೂ ಒಂದು "ತರ್ವಾತ?" ಕೇಳುತ್ತಿದ್ದರು. ಆಮೇಲೆ ಏನು ಎಂದು. ಮುಖದಲ್ಲಿ ಬೇಸರವೂ ಇಲ್ಲ, ಉತ್ಸಾಹವೂ ಇಲ್ಲ. ತರ್ವಾತ, ತರ್ವಾತ ಎಂದು ಮಗುವಿನ ಹಿಂದೆ ನಡೆದುಕೊಂಡು ಹೋಗುತ್ತಿದ್ದರು. ಎಲ್ಲೋ ಒಂದು ಕಡೆ ಮಗುವೇ ನಿಂತು, "ಇಲ್ಲಿ ಒಂದು ಬಿಟ್ಟೋಗೈತೆ," ಎನ್ನುತ್ತಿತ್ತು. ಆಗ ಮಾತ್ರ ಅವರು ನಗುತ್ತಿದ್ದರು. ನಾನು ಎರಡು ವರ್ಷ ಇದನ್ನು ನೋಡಿದ ಮೇಲೆ, ನಾನು ಪಾಠ ಎಂದುಕೊಂಡು ಮಾಡುತ್ತಿರುವುದು ಬರೀ ಓದಿ ಹೇಳುವ ಕೆಲಸ ಎಂದು ಅರ್ಥವಾಗಿ ನಾಚಿಕೆಯಾಯಿತು.

ಹೀಗೇ ಐದಾರು ವರ್ಷ ಯಂತ್ರವಿಲ್ಲದೆ ಯಂತ್ರದ ಪಾಠ ನಡೆಯಿತು. ಎಂಬತ್ತರ ದಶಕದ ನಡುವಿನಲ್ಲಿ ನಿಜವಾದದ್ದೇ ಬಂತು. ಹಳ್ಳಿಯ ಸಣ್ಣ ಮಕ್ಕಳಿಗೆ ಕಂಪ್ಯೂಟರ್ ಕಲಿಸಬಹುದೇ ಎಂದು ಪರೀಕ್ಷೆ ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆಯೊಂದು, ಅಂಗಳದ ಆಟದ ಸುದ್ದಿ ಕೇಳಿ, ಒಂದು ವರ್ಷದ ಮಟ್ಟಿಗೆ ನಮಗೊಂದು ಕಂಪ್ಯೂಟರ್ ಕೊಟ್ಟಿತು. ಗುಂಡಿಗಳ ಹಲಗೆ ಒಂದು, ಅದಕ್ಕೆ ಸಣ್ಣ ಟೀವಿ, ಬರೆದದ್ದನ್ನು ಉಳಿಸಿಕೊಳ್ಳಲು ಟೇಪ್ ರೆಕಾರ್ಡರು. ವರ್ಷದ ಕೊನೆಗೆ ಬಂದು ನೋಡುತ್ತೇವೆ, ಈ ಊರಿನ ಜನಕ್ಕೆ ಉಪಯೋಗವಾಗುವ ಒಂದು ಪ್ರೋಗ್ರಾಂ ಅನ್ನು ಮಕ್ಕಳೇ ಬರೆದಿದ್ದರೆ ಇದು ನಿಮ್ಮದೇ, ಜೊತೆಗೆ ಇನ್ನೂ ಎರಡು ಕೊಡುತ್ತೇವೆ, ಇಲ್ಲದಿದ್ದರೆ ಪಟ್ಟಣದ ಶಾಲೆಗೆ ಕೊಡುತ್ತೇವೆ ಎಂದರು.

ಅಂಗಳದಲ್ಲಿ ಆಡಿ ಗೆಲ್ಲದ ಯಾವುದನ್ನೂ ಯಂತ್ರದ ಮುಂದೆ ಕೂತು ಒತ್ತಕೂಡದು ಎಂದು ಮೇಡಂ ಕಟ್ಟುನಿಟ್ಟು ಮಾಡಿದರು. ಕರೆಂಟು ಇರುತ್ತಿದ್ದದ್ದೇ ಎರಡು ಗಂಟೆ. ಐದೈದು ಮಕ್ಕಳು ಒಳಗೆ, ಉಳಿದವರು ಹೊರಗೆ ಸುಣ್ಣದ ಮನೆಗಳ ಮೇಲೆ. ಚೀಟಿಯ ಕನ್ನಡವನ್ನು ಯಂತ್ರದ ಇಂಗ್ಲಿಷಿಗೆ ಇಳಿಸುವುದಕ್ಕೆ ಒಟ್ಟು ಹತ್ತು ಹನ್ನೆರಡು ಪದ ಸಾಕಾಗಿತ್ತು. ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಬಿಟ್ಟರು.

ಏನು ಬರೆಯಬೇಕೆಂದು ಹೇಳಿದವಳು ಆರನೇ ಕ್ಲಾಸಿನ ಮುನಿಲಕ್ಷ್ಮಿ. ಅವರ ಮನೆಯಲ್ಲಿ ಹಿಂದಿನ ಸಲ ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆಯೇ ತೋಟದ ಹಿಪ್ಪುನೇರಳೆ ಸೊಪ್ಪು ಮುಗಿದು, ಅವರಮ್ಮ ಮನೆಮನೆಗೆ ಅಲೆದು ಸೊಪ್ಪು ತಂದಿದ್ದರು. "ಇಷ್ಟು ಹುಳಕ್ಕೆ ಕೊನೇವರೆಗೂ ಎಷ್ಟು ಸೊಪ್ಪು ಬೇಕು ಅಂತ ಮೊದ್ಲೇ ಹೇಳ್ತೈತಾ ಮೇಡಂ ಇದು?" ಎಂದು ಕೇಳಿದಳು.

"ನೀನು ಹೇಳಿಕೊಟ್ರೆ ಹೇಳುತ್ತೆ," ಎಂದರು.

ಎರಡು ತಿಂಗಳು ಆ ಅಂಗಳ ಹುಳದ ಮನೆಯಾಯಿತು. ಮೂವತ್ತು ಮಕ್ಕಳು ಹುಳಗಳಾಗಿ ಸಾಲಾಗಿ ಕೂತರು. ಹುಣಸೆ ಬೀಜವೇ ಸೊಪ್ಪು. ಒಬ್ಬಳು ಚೀಟಿ ಓದುತ್ತಿದ್ದಳು: ದಿನಕ್ಕೆ ಒಂದು ಕೂಡು, ಹುಳದ ವಯಸ್ಸು ನೋಡು, ವಯಸ್ಸಿಗೆ ತಕ್ಕ ಸೊಪ್ಪು ಹಾಕು, ಹಾಕಿದ್ದನ್ನು ಲೆಕ್ಕಕ್ಕೆ ಸೇರಿಸು, ಹಿಂದಿನ ಚೀಟಿಗೆ ಹೋಗು. ದಿನ ಕಳೆದಂತೆ ಮಡಿಲಲ್ಲಿ ಬೀಜದ ರಾಶಿ ಬೆಳೆಯುತ್ತಿತ್ತು. ಆಟದ ಲೆಕ್ಕದಲ್ಲಿ ನಾಲ್ಕನೇ ದಿನ ಬಂದಾಗ ಮೂವತ್ತು ಮಕ್ಕಳೂ ಒಟ್ಟಿಗೆ ತಲೆ ಮೇಲೆತ್ತಿ, ಕದಲದೆ, ಬೀಜ ಮುಟ್ಟದೆ ಕೂತುಬಿಟ್ಟರು. ಬೀಜ ಹಾಕುವವಳೂ ಸುಮ್ಮನೆ ನಿಂತಳು.

ರೇಷ್ಮೆ ಹುಳ ಪೊರೆ ಕಳಚುವ ಮೊದಲು ಮೇಯುವುದನ್ನು ಬಿಟ್ಟು ತಲೆಯೆತ್ತಿ ಹಾಗೇ ಒಂದು ದಿನ ಕೂರುತ್ತದೆ. ಗೂಡು ಕಟ್ಟುವ ಒಳಗೆ ಇದು ನಾಲ್ಕು ಸಲ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಒಂದು ಎಲೆಯನ್ನೂ ಹಾಕಬಾರದು, ಹಾಕಿದರೆ ಹುಳ ಕೆಡುತ್ತದೆ. ಹುಳ ಸಾಕುವ ಮನೆಯ ಮೂರು ವರ್ಷದ ಕೂಸಿಗೂ ಇದು ಗೊತ್ತು. ಮುಳಬಾಗಿಲು ಪೇಟೆಯಲ್ಲಿ ಬೆಳೆದ ಮೇಡಂಗೆ ಗೊತ್ತಿರಲಿಲ್ಲ.

"ಇವ್ಯಾಕ್ರೀ ಕೂತ್ವು?" ಎಂದು ನನ್ನನ್ನು ಕೇಳಿದರು.

"ಜ್ವರ ಮೇಡಂ. ಹುಳ ಹಾಗೇ ಕೂರುತ್ತೆ, ಮೇಯಲ್ಲ."

"ಅದನ್ನ ಬರ್ದಿದಾರಾ?"

"ಬರ್ದಿರ್ತಾರೆ ಬಿಡಿ."

ಅವರು ಬಿಡಲಿಲ್ಲ. ಸಂಜೆ ಚೀಟಿಗಳನ್ನೆಲ್ಲ ಒಂದು ಕಟ್ಟು ಮಾಡಿ, ದಾರ ಸುತ್ತಿ ನನ್ನ ಕೈಗೆ ಕೊಟ್ಟರು. "ನನಗೆ ಹುಳದ ವಿಷ್ಯ ತಿಳಿಯಲ್ಲ. ನಿಮ್ಮನೇಲಿ ಸಾಕ್ತೀರಲ್ಲ, ಒಂದೊಂದೇ ಓದಿ ನೋಡಿ. ನೀವು ಸರಿ ಅಂದ್ರೆ ಸೋಮವಾರ ಯಂತ್ರಕ್ಕೆ ಹಾಕಿಸ್ತೀನಿ," ಎಂದರು.

ಆ ವಾರ ನಮ್ಮ ಮನೆಯ ಹುಳ ಕೊನೆಯ ಮೇವಿನಲ್ಲಿತ್ತು. ದಿನಕ್ಕೆ ಐದು ಸಲ ಸೊಪ್ಪು. ಮನೆಯವರೆಲ್ಲ ತೋಟದಿಂದ ಹೊರೆ ಹೊತ್ತು ಹೊತ್ತು ಒಬ್ಬರ ಮುಖ ಒಬ್ಬರು ನೋಡುವುದನ್ನೂ ಮರೆತಿದ್ದೆವು. ಕಟ್ಟನ್ನು ಗೋಡೆಯ ಗೂಡಿನಲ್ಲಿ ಇಟ್ಟೆ. ಭಾನುವಾರ ಅದನ್ನು ನೋಡಿ, ಆಮೇಲೆ ಓದೋಣ ಎಂದು ಮತ್ತೆ ತೋಟಕ್ಕೆ ಹೋದೆ. ಸೋಮವಾರ ಹಾಗೇ ಎತ್ತಿಕೊಂಡು ಬಂದು ಬಸ್ ನಿಲ್ದಾಣದಲ್ಲಿ ಅವರ ಕೈಗಿಟ್ಟು, "ಎಲ್ಲಾ ಸರಿ ಇದೆ ಮೇಡಂ," ಎಂದೆ. ಅವರು ಕಟ್ಟನ್ನು ನೋಡಿದರು, ನನ್ನ ಮುಖ ನೋಡಿದರು, ಬ್ಯಾಗಿಗೆ ಹಾಕಿಕೊಂಡರು.

ಚೀಟಿಯಲ್ಲಿ ಜ್ವರದ ಮಾತೇ ಇರಲಿಲ್ಲ. ಬರೆದ ಮಕ್ಕಳಿಗೆ ಅದು ಉಸಿರಾಡು ಎಂದು ಬರೆದಷ್ಟೇ ಅನಗತ್ಯವಾಗಿ ಕಂಡಿತ್ತು. ಆಡುವಾಗ ಹುಳವಾದವರಿಗೂ ಗೊತ್ತು, ಬೀಜ ಹಾಕುವವಳಿಗೂ ಗೊತ್ತು, ಹಾಗಾಗಿ ಚೀಟಿ ಇಲ್ಲದೆಯೇ ಎಲ್ಲ ಸರಿಯಾಗಿ ನಡೆದುಹೋಗಿತ್ತು.

ಸಂಸ್ಥೆಯಿಂದ ಇಬ್ಬರು ಕಾರಿನಲ್ಲಿ ಬಂದರು. ಮಕ್ಕಳ ತಾಯಿತಂದೆಯರನ್ನೂ ಕರೆಸಿದ್ದೆವು. ಮುನಿಲಕ್ಷ್ಮಿ ಗುಂಡಿ ಒತ್ತಿದಳು. ಟೀವಿಯ ಮೇಲೆ ದಿನಗಳೂ ಸೊಪ್ಪಿನ ತೂಕವೂ ಸಾಲುಸಾಲಾಗಿ ಇಳಿಯತೊಡಗಿದವು. ಪಕ್ಕದಲ್ಲಿ ಮಕ್ಕಳೇ ಮಾಡಿದ ಚುಕ್ಕೆಯ ಹುಳಗಳು ದಿನಕ್ಕಿಷ್ಟು ಉದ್ದವಾಗುತ್ತಿದ್ದವು. ಬಂದವರಲ್ಲಿ ಹಿರಿಯರು ತಲೆದೂಗಿದರು. ಅವಳ ಅಮ್ಮ ಮುಂದೆ ಬಂದು, ಮಗಳಿಂದ ಒಂದೊಂದೇ ಸಾಲು ಓದಿಸಿಕೊಂಡರು. ಓದಿಸಿಕೊಂಡು ನಗುತ್ತಾ ಹೇಳಿಬಿಟ್ಟರು:

"ಅಯ್ಯೋ, ಏನಮ್ಮಿ ಇದು! ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಹಾಕ್ತೈತಲ್ಲೇ ನಿಮ್ ಮಿಷನ್ನು!"

ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು. ಆ ತಾಯಿಯ ನಗುವಿನಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ. ಹಿರಿಯರು ಏನು ಎಂದು ವಿಚಾರಿಸಿದರು. ಯಾರೋ ಬಿಡಿಸಿ ಹೇಳಿದರು. ಅವರ ಮುಖ ಬದಲಾಯಿತು. ಮೇಡಂ ಕಡೆ ತಿರುಗಿ, "ಹುಳ ಸಾಕೋ ಮನೆಯ ಮಕ್ಕಳಿಗೆ ಇದು ಗೊತ್ತಿಲ್ಲದೆ ಇರುತ್ತಾ? ನಿಜ ಹೇಳಿ ಮೇಡಂ, ಇದನ್ನು ಬರೆದವರು ಮಕ್ಕಳಾ, ನೀವಾ?" ಎಂದು ಕೇಳಿದರು.

ಇದು ಮಕ್ಕಳದೇ ಕೈಬರಹ ಎನ್ನುವುದಕ್ಕೆ ಆ ತಪ್ಪಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಗೊತ್ತಿಲ್ಲದವರು ಬರೆದಿದ್ದರೆ ವಿಚಾರಿಸಿ ಸೇರಿಸುತ್ತಿದ್ದರು. ಹುಳದ ಜೊತೆಯಲ್ಲೇ ಬೆಳೆದವರು ಮಾತ್ರ ಅದನ್ನು ಬಿಡಲು ಸಾಧ್ಯ. ಇದನ್ನು ನಾನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ಬಾಗಿಲ ಹತ್ತಿರ ನಿಂತಿದ್ದ ನನಗೆ ಬಾಯೇ ಬರಲಿಲ್ಲ.

"ಮಕ್ಕಳೇ ಬರ್ದಿದ್ದು ಸಾರ್," ಎಂದರು ಮೇಡಂ. "ನೋಡಿ ಒಪ್ಕೊಂಡಿದ್ದು ನಾನು. ತಪ್ಪು ನನ್ದು. ಹತ್ತು ನಿಮಿಷ ಕೂತ್ಕೊಳ್ಳಿ, ನಿಮ್ಮ ಕಣ್ಣೆದುರಿಗೇ ಅವರೇ ತಿದ್ತಾರೆ."

ಹಿರಿಯರು ಗಡಿಯಾರ ನೋಡಿಕೊಂಡರು. ಬೆಂಗಳೂರಿಗೆ ಹೊತ್ತಾಗುತ್ತದೆ ಎಂದರು. ಕಾರು ಊರ ಬಾಗಿಲು ದಾಟುವುದರೊಳಗೆ ಮುನಿಲಕ್ಷ್ಮಿ ಎರಡು ಸಾಲು ಸೇರಿಸಿ ಪ್ರೋಗ್ರಾಂ ಸರಿಮಾಡಿದ್ದಳು. ತೋರಿಸುವುದಕ್ಕೆ ನಾವಷ್ಟೇ ಉಳಿದಿದ್ದೆವು.

ಹದಿನೈದು ದಿನಕ್ಕೆ ಒಂದು ಜೀಪು ಬಂದು ಎಲ್ಲವನ್ನೂ ತೆಗೆದುಕೊಂಡು ಹೋಯಿತು. ಮಕ್ಕಳು ರಸ್ತೆಯವರೆಗೂ ಜೀಪಿನ ಹಿಂದೆ ಓಡಿದರು. ಮಾರನೇ ದಿನ ಹನ್ನೊಂದಕ್ಕೆ ಮೇಡಂ ಕುರ್ಚಿಯಲ್ಲಿ ಕುಸಿದು, ನೀರು ಕುಡಿದು, ಸುಣ್ಣದ ಡಬ್ಬಿ ಎತ್ತಿಕೊಂಡು ಹೊರಗೆ ಹೋದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬಸ್ಸಿನಲ್ಲಿ ಮೊದಲಿನ ಹಾಗೇ "ಏನ್ರೀ ಸುಗಟೂರು" ಎಂದೇ ಕರೆದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಎರಡು ವರ್ಷ ಅವರು ನಿವೃತ್ತರಾಗುವವರೆಗೂ, ಅವರ ಬ್ಯಾಗು ಹಿಡಿದುಕೊಂಡು ಕೂತಾಗಲೆಲ್ಲ ಇವತ್ತು ಹೇಳಿಬಿಡೋಣ ಎಂದುಕೊಂಡು ಹೇಳದೆ ಇಳಿದಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಅವರಿಗೆ ಹುಷಾರಿಲ್ಲ ಎಂದು ತಿಳಿಯಿತು. ಮುಳಬಾಗಿಲಿಗೆ ಹೋದೆ. ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಬಾತುಕೊಂಡಿತ್ತು. ತಂಗಿ ಕಾಫಿ ತರಲು ಒಳಗೆ ಹೋದಾಗ ಹೇಳಿದೆ.

"ಮೇಡಂ, ಹುಳದ ಚೀಟಿಗಳನ್ನ ನಾನು ಓದಿರ್ಲಿಲ್ಲ. ಸುಳ್ಳು ಹೇಳ್ದೆ."

"ಗೊತ್ತಿತ್ತು ಕಣ್ರೀ," ಎಂದರು. "ದಾರ ನಾನು ಹೂ ಕಟ್ಟೋ ಥರ ಗಂಟು ಹಾಕಿ ಕೊಟ್ಟಿದ್ದೆ. ಸೋಮವಾರ ಗಂಟು ಹಾಗೇ ಇತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ ಮೇಡಂ?"

"ಕೇಳಿದ್ರೆ ನಿಮ್ಮನ್ನ ಕೂರಿಸ್ಕೊಂಡು ಮೊದಲ್ನಿಂದ ನೋಡ್ಬೇಕಾಗಿತ್ತು. ಅವತ್ತು ಬೆಳಿಗ್ಗೆ ನಿಮ್ಮ ಮುಖ ನೋಡ್ದೆ, ಅಷ್ಟು ಸುಸ್ತಾಗಿದ್ರಿ. ನನಗೂ ಸುಸ್ತಾಗಿತ್ತು. ಇರ್ಲಿ ಅಂತ ಬಿಟ್ಟೆ. ಇಬ್ರೂ ಸೇರಿ ಬಿಟ್ವಿ." ನನ್ನ ಕಡೆ ಮಗ್ಗುಲಾಗಿ, "ಆ ಮಗುಗೆ ಹೇಳ್ಬೇಕಿತ್ತು ರೀ. ಅವಳು ತನ್ನದೇ ತಪ್ಪು ಅಂದ್ಕೊಂಡಿರ್ತಾಳೆ. ನೀವು ಒಂದ್ಸಲ ಹೋಗಿ ಹೇಳಿ," ಎಂದರು.

ಹೇಳುತ್ತೇನೆ ಎಂದೆ. ಕಾಫಿ ಕುಡಿದೆ, ಶಾಲೆಯ ಸುದ್ದಿ ಹೇಳಿದೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮೂರು ವಾರಕ್ಕೆ ಅವರು ಹೋದರು ಎಂದು ಅವರ ತಂಗಿಯ ಕಾಗದ ಬಂತು. ನನ್ನ ಕೈಗೆ ಅದು ಸೇರುವ ಹೊತ್ತಿಗೆ ಎಲ್ಲ ಕಾರ್ಯ ಮುಗಿದಿತ್ತು.

ಮರುದಿನವೇ ಶಾಲೆ ಬಿಟ್ಟ ಮೇಲೆ ಮುನಿಲಕ್ಷ್ಮಿಯ ಮನೆಗೆ ಹೋದೆ. ಕೋಲಾರದಲ್ಲಿ ಕಾಲೇಜಿಗೆ ಸೇರಿದ್ದವಳು ಆಗತಾನೇ ಬಂದಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. "ನನ್ಗೇನೂ ಇಲ್ಲ ಮಿಸ್. ನಮ್ಮಮ್ಮನಿಗೆ ಹೇಳಿ. ಅವತ್ತು ತಾನು ಬಾಯಿ ಬಿಟ್ಟಿದ್ದಕ್ಕೇ ಮಕ್ಕಳ ಮಿಷನ್ನು ಹೋಯ್ತು ಅಂತ ಇವತ್ತಿಗೂ ಅಂದ್ಕೊಂಡವ್ಳೆ," ಎಂದಳು.

ಅವಳ ಅಮ್ಮ ಹುಳದ ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕಟ್ಟು ಬಿಚ್ಚದೆ ಕೊಟ್ಟದ್ದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹರಡಿ ಮುಗಿಸಿ ತಿರುಗಿದರು.

"ಆಯಮ್ಮ ಚೆನ್ನಾಗವ್ರಾ?"

"ಹೋಗ್ಬಿಟ್ರು. ಹದಿನೈದು ದಿನ ಆಯ್ತು."

ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ ದೇವ್ರೇ," ಎಂದರು. "ಒಂದ್ ದಿನ ಮುಳಬಾಗ್ಲಿಗೆ ಹೋಗಿ, ತಪ್ಪಾಯ್ತು ತಾಯೀ ಅಂತ ಒಂದು ಮಾತು ಹೇಳ್ಬಿಟ್ಟು ಬರ್ಬೇಕು ಅಂತಿದ್ದೆ ಮಿಸ್. ಈ ಹುಳದ ಕೆಲ್ಸದಾಗೆ ಆಗ್ಲೇ ಇಲ್ಲ."

ನಾನು ಮುಳಬಾಗಿಲಿಗೆ ಹೋಗಿದ್ದೆ. ಅವರ ಮಂಚದ ಪಕ್ಕ ಒಂದು ಗಂಟೆ ಕೂತಿದ್ದೆ. ಮಾಡಿದ್ದನ್ನೆಲ್ಲ ಒಪ್ಪಿಕೊಂಡಿದ್ದೆ. ಆ ಒಂದು ಮಾತನ್ನು ಮಾತ್ರ ನಾನು ಹೇಳಿರಲಿಲ್ಲ.